ಅವ್ವನ ಹಿಮ್ಮಡಿಯ ಜಾಲಿಮುಳ್ಳು

ತೊಗರಿ ರಾಶಿಗೆಂದು ಹೊಲಕ್ಕೆ ಹೋಗಿದ್ದ ಅವ್ವನ ಹಿಮ್ಮಡಿಯಲ್ಲಿ ಜಾಲಿಮುಳ್ಳು ನಟ್ಟು ಒಳಗೇ ಮುರಿದಿತ್ತು. ಎರಡು ದಿನ ಬಿಟ್ಟು ಕಲಬುರಗಿಯ ನಮ್ಮ ಮನೆಗೆ ಬಂದಾಗ ಹಿಮ್ಮಡಿ ಕೆಂಪಗೆ ಊದಿ, ಮುಟ್ಟಿದರೆ ಬಿಸಿ ಹತ್ತುವಂತಾಗಿ, ಮುಳ್ಳಿನ ಸುತ್ತ ಕೀವು ಕಟ್ಟಿತ್ತು. ಕೀವೆಂದರೆ ಬರೀ ಹೊಲಸಲ್ಲ, ಅದರಲ್ಲಿ ಬಹುಪಾಲು ಮುಳ್ಳಿನ ಕಡೆ ಓಡಿಬಂದ ಬಿಳಿ ರಕ್ತಕಣಗಳೇ ಇರುತ್ತವೆ ಎಂದು ನಾನು ವಿವರಿಸಿದಾಗ ಅವಳು ಕೇಳಿದಳು: “ಮುಳ್ಳು ಇಲ್ಲೇ ನಟ್ಟದಂತ ಅವಕ್ಕ ಯಾರ್ ಹೇಳ್ಯಾರ?” ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲ.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿ, ಮರುದಿನ ಬೆಳಿಗ್ಗೆ ನೋಡಿದಾಗ ಅಲೆದಾಡುವ ಜೀವಕೋಶಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ಬಿಳಿ ರಕ್ತಕಣಗಳಿಗೂ ಹೀಗೆ ದಾರಿ ತೋರುವುದು ರಾಸಾಯನಿಕಗಳು. ಬ್ಯಾಕ್ಟೀರಿಯಾಗಳು ತಮ್ಮ ಪ್ರೋಟೀನನ್ನು ಫಾರ್ಮೈಲ್ ಮೆಥಿಯೋನಿನ್ ಎಂಬ ಅಮೈನೋ ಆಮ್ಲದಿಂದ ಆರಂಭಿಸುತ್ತವೆ, ಅದಿರುವ ಪ್ರೋಟೀನ್ ತುಣುಕುಗಳೇ (ಫಾರ್ಮೈಲ್ ತುಣುಕುಗಳು) ಒಂದು ಸುಳಿವು. ಹರಿದ ನಮ್ಮದೇ ಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಿಂದಲೂ ಅಂಥ ತುಣುಕುಗಳು ಸೋರುತ್ತವೆ, ಏಕೆಂದರೆ ಮೈಟೊಕಾಂಡ್ರಿಯಾದ ಮೂಲವೂ ಬ್ಯಾಕ್ಟೀರಿಯಾವೇ. ಇವುಗಳ ಜೊತೆಗೆ ಸಿ5ಎ, ಇಂಟರ್‌ಲ್ಯೂಕಿನ್-8 ಮೊದಲಾದ, ದೇಹವೇ ತಯಾರಿಸುವ ಸೂಚನಾ ಪ್ರೋಟೀನುಗಳು ಸೇರಿ, ಮುಳ್ಳಿನ ಬಳಿ ದಟ್ಟವಾಗಿ, ದೂರ ಹೋದಂತೆ ತೆಳುವಾಗಿ ಹರಡುತ್ತವೆ. ರಕ್ತದಲ್ಲಿ ಕೊಚ್ಚಿಹೋಗುತ್ತಿರುವ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ರಕ್ತಕಣವನ್ನು ರಕ್ತನಾಳದ ಒಳಗೋಡೆ ಮೊದಲು ಹಿಡಿದು ನಿಧಾನಿಸುತ್ತದೆ. ಕಣವು ಗೋಡೆಯ ಮೇಲೆ ಉರುಳಿ, ಅಂಟಿ, ಸಂದಿಯಲ್ಲಿ ನುಸುಳಿ ಹೊರಬರುತ್ತದೆ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಆಮೇಲಿನ ಸಂಗತಿ. ಆ ಕಣದ ಉದ್ದ ಸುಮಾರು 10 ಮೈಕ್ರೋಮೀಟರ್ ಮಾತ್ರ, ಅದರ ಒಂದು ತುದಿಗೂ ಇನ್ನೊಂದು ತುದಿಗೂ ನಡುವೆ ರಾಸಾಯನಿಕದ ಪ್ರಮಾಣದಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟು ವ್ಯತ್ಯಾಸವಿದ್ದರೂ ಅದು ಯಾವ ಕಡೆ ಹೆಚ್ಚಿದೆ ಎಂದು ಗುರುತಿಸುತ್ತದೆ. ಬ್ಯಾಕ್ಟೀರಿಯಾ ಈಜುತ್ತಾ ಈಜುತ್ತಾ ಆಗಿನದನ್ನು ಈಗಿನದಕ್ಕೆ ಹೋಲಿಸಿಕೊಂಡರೆ, ನ್ಯೂಟ್ರೋಫಿಲ್ ತನ್ನ ಮೈಯ ಎರಡು ತುದಿಗಳನ್ನೂ ಒಂದೇ ಹೊತ್ತಿಗೆ ಹೋಲಿಸಬಲ್ಲದು. ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳು ಅದರ ಮೈತುಂಬ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತವೆ, ಆದರೆ ಒಳಗಿನ ಪ್ರತಿಕ್ರಿಯೆ ಮಾತ್ರ ಒಂದೇ ಕಡೆ ಜೋರಾಗುತ್ತದೆ: ಮುಂದೆ ಪಿಐಪಿ3 ಎಂಬ ಕೊಬ್ಬಿನಂಶ ಶೇಖರವಾಗಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಪೊರೆಯನ್ನು ಮುನ್ನೂಕುತ್ತವೆ, ಹಿಂದೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಬಾಲವನ್ನು ಬಿಗಿದು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 10 ಮೈಕ್ರೋಮೀಟರ್ ವೇಗವೆಂದರೆ ಒಂದು ಮಿಲಿಮೀಟರ್ ಸಾಗಲು ಒಂದು ಗಂಟೆ ನಲವತ್ತು ನಿಮಿಷ ಬೇಕು.

ದಾರಿಯಲ್ಲಿ ಎರಡು ಸೂಚನೆಗಳು ಬೇರೆಬೇರೆ ದಿಕ್ಕಿಗೆ ಕರೆದರೆ, ಇಂಟರ್‌ಲ್ಯೂಕಿನ್-8ಅನ್ನು ಬಿಟ್ಟು ಫಾರ್ಮೈಲ್ ತುಣುಕುಗಳ ಕಡೆಗೇ ಕಣ ಹೊರಳುತ್ತದೆ. ಒಂದು ದಾರಿಯವರೆಗೆ ಕರೆತರುವುದು, ಇನ್ನೊಂದು ಮನೆಯ ಬಾಗಿಲನ್ನೇ ತೋರುವುದು ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಮೊದಲು ತಲುಪಿದ ಕಣಗಳು ಲ್ಯೂಕೋಟ್ರಯೀನ್ ಬಿ4 ಎಂಬ ರಾಸಾಯನಿಕ ಸೂಸಿ ದೂರದವುಗಳನ್ನೂ ಕರೆಯುತ್ತವೆ. ಇಲಿಗಳ ಗಾಯದಲ್ಲಿ ಹೀಗೆ ಅವು ಜೇನ್ನೊಣಗಳಂತೆ ಮುತ್ತಿಕೊಳ್ಳುವುದನ್ನು 2013ರಲ್ಲಿ ವಿವರವಾಗಿ ತೋರಿಸಲಾಯಿತು. ಆ ಕರೆ ವಿಪರೀತವಾದಾಗ ಅವುಗಳ ಗ್ರಾಹಕಗಳು ಮಂದವಾಗಿ ಕಣಗಳು ಅಲ್ಲಿಯೇ ನಿಲ್ಲುತ್ತವೆ. ಹಾಗಿಲ್ಲದಿದ್ದರೆ ಅವ್ವನ ಹಿಮ್ಮಡಿ ಇನ್ನಷ್ಟು ಕೆಡುತ್ತಿತ್ತೇನೋ.

ವೈದ್ಯರು ಮುಳ್ಳಿನ ತುದಿ ತೆಗೆದು, ಟಿಟಿ ಚುಚ್ಚಿ ಕಳಿಸಿದರು. ಗಾಯದಿಂದ ಒಸರಿದ ಒಂದು ಹನಿ ಕೀವನ್ನು ನಾನು ಗಾಜಿನ ಮೇಲೆ ಸವರಿಕೊಂಡು ಹೋಗಿ, ಕಾಲೇಜಿನಲ್ಲಿ ರಕ್ತಕಣಗಳನ್ನು ಎದ್ದು ತೋರಿಸುವ ಲೀಶ್‌ಮನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಮೂರು ನಾಲ್ಕು ಹಾಲೆಗಳ ನೇರಳೆ ಕೇಂದ್ರವುಳ್ಳ ಕಣಗಳು ಒತ್ತೊತ್ತಾಗಿ ಕೂತಿದ್ದವು, ಕೆಲವುಗಳ ಹೊಟ್ಟೆಯಲ್ಲಿ ದುಂಡನೆಯ ಬ್ಯಾಕ್ಟೀರಿಯಾಗಳಿದ್ದವು. ಫೋನಿನಲ್ಲಿ ಅದರ ಚಿತ್ರ ತೋರಿಸಿದಾಗ ಅವ್ವ ಬಹಳ ಹೊತ್ತು ನೋಡಿ ಕೇಳಿದಳು: “ಕೆಲಸಾದ ಮ್ಯಾಗ ಇವು ತಿರುಗಿ ಹೋಗಂಗಿಲ್ಲೇನು?” ಬಹುಪಾಲು ಅಲ್ಲಿಯೇ ಸಾಯುತ್ತವೆ, ಅವುಗಳನ್ನು ಮ್ಯಾಕ್ರೋಫೇಜ್ ಕೋಶಗಳು ನುಂಗಿ ಗಾಯವನ್ನು ಚೊಕ್ಕ ಮಾಡುತ್ತವೆ ಎಂದೆ, ಆದರೆ ಜೀಬ್ರಾಮೀನಿನ ಮರಿಗಳಲ್ಲಿ ಕೆಲವು ನ್ಯೂಟ್ರೋಫಿಲ್‌ಗಳು ಗಾಯದಿಂದ ಹಿಂದಿರುಗಿ ರಕ್ತನಾಳದ ಕಡೆ ನಡೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ ಎಂದೂ ಸೇರಿಸಿದೆ.