ನಮ್ಮ ಗನ್ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ

ಇವತ್ತು ಮಂಗಳೂರಿನಲ್ಲಿ ನಮ್ಮ ಕ್ಲಬ್ ಸದಸ್ಯರ ಶೂಟಿಂಗ್ ಸ್ಪರ್ಧೆ. ಬಹುಮಾನಕ್ಕಿಂತ ಖುಷಿಯೇ ಜಾಸ್ತಿ. 10 ಮೀಟರ್ ಏರ್ ರೈಫಲ್ (ಗಾಳಿಯ ಒತ್ತಡದ ಬಂದೂಕಿನಿಂದ 10 ಮೀಟರ್ ದೂರದ ಗುರಿಗೆ ಹೊಡೆಯುವ ಆಟ) ಅಂದ್ರೆ ಸುಲಭ ಅಂತ ನೋಡುವವರಿಗೆ ಅನಿಸಬಹುದು, ಆದರೆ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿಲಿಮೀಟರ್, ಹೊಡೆಯುವ ಪೆಲೆಟ್ ಅಂದರೆ ಪುಟ್ಟ ಗುಂಡು 4.5 ಮಿಲಿಮೀಟರ್, ಅಂದರೆ ಚುಕ್ಕೆಗಿಂತ ಪೆಲೆಟ್ಟೇ ದೊಡ್ಡದು! ಅದೂ ನಮ್ಮ ಕರಾವಳಿಯ ಸೆಕೆಯಲ್ಲಿ ಶೂಟಿಂಗಿನ ದಪ್ಪ ಜಾಕೆಟ್ ಹಾಕಿಕೊಂಡು ಅಲುಗಾಡದೆ ನಿಲ್ಲಬೇಕು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಆಟದಲ್ಲಿ.

ತೋಟಕ್ಕೆ ನುಗ್ಗುವ ಹಂದಿಗಳಿಗಾಗಿ ಕೋವಿ ಇಟ್ಟುಕೊಂಡ ಕೃಷಿಕರು, ಕಾಲೇಜು ಹುಡುಗಿಯರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಪಕ್ಕದವರಿಗೆ ಒಳ್ಳೆ ಸ್ಕೋರ್ ಬಂದಾಗ ಮೊದಲು ಚಪ್ಪಾಳೆ ತಟ್ಟಿದ್ದು ಅವರ ಜೊತೆ ಸ್ಪರ್ಧೆಯಲ್ಲಿದ್ದವರೇ. ಅದು ನನಗೆ ತುಂಬಾ ಇಷ್ಟವಾಯಿತು. ಇಂಥ ಆಟ ನಮ್ಮೂರಿನ ಶಾಲೆಗಳಿಗೂ ಬರಬೇಕು, ಅಲ್ವಾ?