ಕಚ್ಚುವ ತುದಿ ಯಾವುದು?

ಮೇಣ ಇರುವುದು ಈ ತುದಿಗೆ, ಹಲ್ಲು ತಾಗುವುದು ಆ ತುದಿಗೆ. ಹಾಗಿದ್ದ ಮೇಲೆ 1857ರಲ್ಲಿ ಸಿಪಾಯಿಗಳಿಗೆ ಸಿಟ್ಟು ಯಾಕೆ ಬಂತು?

ಎದುರು ಮನೆಯ ಹುಡುಗಿ ಕಳೆದ ವಾರ ಕೇಳಿದ ಪ್ರಶ್ನೆ. ಮೇಜಿನ ಮೇಲೆ ಎಂಟು ಕಾಗದದ ತೋಟೆಗಳು ಆರುತ್ತಿದ್ದವು. ತೋಟೆ ಅಂದರೆ ಒಂದು ಈಡಿಗೆ ಬೇಕಾದ ಗುಂಡು, ಮದ್ದು ಎರಡನ್ನೂ ಸುತ್ತಿಟ್ಟ ಕಾಗದದ ಕೊಳವೆ. ಇವು 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ತೋಟೆಯ ನಕಲುಗಳು, ಪ್ರದರ್ಶನಕ್ಕೆ. ಮನೆ ಇರುವುದೂ ಲಂಡನ್ನಿನ ಎನ್‌ಫೀಲ್ಡ್ ಲಾಕ್‌ನಲ್ಲೇ. 1988ರಲ್ಲಿ ಮುಚ್ಚಿದ ಸರ್ಕಾರಿ ಕೋವಿ ಕಾರ್ಖಾನೆಯ ಜಾಗದಲ್ಲಿ ಈಗ ವಸತಿ ಬಡಾವಣೆ. ನಮ್ಮೂರಲ್ಲಿ ಗುಡುಗುಡು ಎನ್ನುವ ಬುಲೆಟ್ ಬೈಕಿಗೆ ಹೆಸರು ಬಂದದ್ದೂ ಇಲ್ಲಿಂದಲೇ.

ನಾವು ಓದಿದ ಪಾಠದಲ್ಲಿ ಒಂದೇ ಸಾಲಿತ್ತು: ದನದ, ಹಂದಿಯ ಕೊಬ್ಬು ಸವರಿದ ಕಾಡತೂಸನ್ನು, ಅಂದರೆ ಇದೇ ತೋಟೆಯನ್ನು, ಬಾಯಲ್ಲಿ ಕಚ್ಚಬೇಕಿತ್ತು. ಪರೀಕ್ಷೆಗೆ ಅಷ್ಟು ಸಾಕು. ಅದು ನೋಡಲು ಹೇಗಿತ್ತು ಎಂಬ ಚಿತ್ರ ಮಾತ್ರ ಇರಲಿಲ್ಲ.

ಸುತ್ತಲು ಮೂರು ಕಾಗದ ಬೇಕು. ಒಂದು ಗಟ್ಟಿಯದು, ಆಯತ. ಉಳಿದೆರಡು ತೆಳುವು, ಒಂದು ಪಕ್ಕ ಓರೆಯಾಗಿ ಕತ್ತರಿಸಿದವು. ಗುಂಡಿನಷ್ಟೇ, ಅಂದರೆ 14 ಮಿ.ಮೀ. ದಪ್ಪದ ಮರದ ಕೋಲಿನ ಒಂದು ತುದಿಯನ್ನು ಬಟ್ಟಲಿನಂತೆ ಕೊರೆದಿರಬೇಕು. ಗಟ್ಟಿ ಕಾಗದವನ್ನೂ ಒಂದು ತೆಳು ಕಾಗದವನ್ನೂ ಜೊತೆಗೆ ಕೋಲಿಗೆ ಸುತ್ತಿ, ಹೊರಚಾಚಿದ ತೆಳು ಅಂಚನ್ನು ಆ ಗುಳಿಯೊಳಗೆ ಮಡಚಿ ಒತ್ತಬೇಕು. ಅದು ಮದ್ದಿನ ಕೊಳವೆಯ ತಳ. ಆ ಗುಳಿಗೆ ಗುಂಡಿನ ಮೂತಿ ಬರಬೇಕು. ಹೌದು, ಗುಂಡು ಕೂರುವುದು ತಲೆಕೆಳಗಾಗಿ, ಮೂತಿ ಮದ್ದಿನ ಕಡೆಗೆ. ಇಲ್ಲೇ ಹೊಸಬರು ಎಡವುವುದು. ಮೂರನೇ ಕಾಗದವನ್ನು ಗುಂಡು, ಕೊಳವೆ ಎರಡನ್ನೂ ಸೇರಿಸಿ ಎರಡು ಸುತ್ತು ಸುತ್ತಿ, ಗುಂಡಿನ ಬುಡದಲ್ಲಿ ದಾರದಿಂದ ಬಿಗಿದು, ಕೋಲನ್ನು ಹಿರಿದುಕೊಳ್ಳಬೇಕು.

ಕಾಗದದ ಲೆಕ್ಕ ತಪ್ಪಿದರೆ ಎಲ್ಲವೂ ವ್ಯರ್ಥ. ನಳಿಗೆಯ ಒಳವ್ಯಾಸ .577 ಇಂಚು, ಅಂದರೆ 14.66 ಮಿ.ಮೀ. ಪ್ರಿಂಟರಿನ ಕಾಗದ ಸುಮಾರು 0.1 ಮಿ.ಮೀ. ದಪ್ಪ, ಎರಡು ಸುತ್ತಿಗೆ ವ್ಯಾಸ 0.4 ಹೆಚ್ಚಿತು. ಮೇಲೆ ಮೇಣ ಬೇರೆ. ನಳಿಗೆಯಲ್ಲಿ ಮಸಿ ಕಟ್ಟಿದರೆ ಅಂಥ ಗುಂಡು ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅರ್ಧ ದಪ್ಪದ ಕಾಗದವಾದರೆ ಸಲೀಸು. ಮೂಲದಲ್ಲಿ .568 ಇಂಚಿದ್ದ ಗುಂಡನ್ನು .55ಕ್ಕೆ ಇಳಿಸಿದ್ದೂ ಈ ಮಸಿಯ ಕಾಟಕ್ಕೇ. ಗುಂಡು 530 ಗ್ರೇನು, ಸುಮಾರು 34 ಗ್ರಾಂ, ಮೆತ್ತನೆಯ ಶುದ್ಧ ಸೀಸ. ಗಡಸು ಸೀಸವಾದರೆ ಈಡು ಹಾರಿದಾಗ ಬುಡ ಅರಳದೆ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುವುದಿಲ್ಲ.

ಮದ್ದು ಎರಡೂವರೆ ಡ್ರಾಮು, ಸುಮಾರು 4.4 ಗ್ರಾಂ. ಇಲ್ಲಿ ಕರಿಮದ್ದು ಇಟ್ಟುಕೊಳ್ಳಲು ಪೊಲೀಸರ ಪರವಾನಗಿ ಬೇಕು. ಪ್ರದರ್ಶನಕ್ಕಾದರೆ ಬಾಂಬೆ ರವೆ ಸಾಕು. ಹುರಿದು ತುಂಬಿ, ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ಹುಳ. ಬಾಲಕ್ಕೆ, ಅಂದರೆ ಮದ್ದಿನ ಕಡೆ ಉಳಿದ ಖಾಲಿ ಕಾಗದಕ್ಕೆ, ಕೆಂಪು ಮಸಿ ಹಚ್ಚಿ ನಕಲಿಯೆಂದು ಗುರುತು ಮಾಡುವುದನ್ನು ಮರೆಯಬೇಡಿ. ತುಂಬಿ, ಬಾಲ ತಿರುಚಿ, ಗುಂಡಿರುವ ತುದಿಯನ್ನಷ್ಟೇ ಕರಗಿದ ಮೇಣದಲ್ಲಿ ಅದ್ದಿದರೆ ತೋಟೆ ಸಿದ್ಧ.

ಸಿಪಾಯಿ ಕಚ್ಚುತ್ತಿದ್ದದ್ದು ಆ ಬಾಲವನ್ನು. ಮದ್ದು ಸುರಿದು, ತೋಟೆಯನ್ನು ತಿರುಗಿಸಿ, ಗುಂಡಿನ ತುದಿಯನ್ನು ನಳಿಗೆಯ ಬಾಯಿಗೆ ಒತ್ತಿ, ಮೇಲುಳಿದ ಕಾಗದವನ್ನು ಹರಿದೆಸೆದು, ಗಜದಿಂದ ಜಡಿಯುವುದು. ಹುಡುಗಿಯ ಮಾತು ಸರಿಯೇ.

ಆದರೆ ಜಿಡ್ಡಿನ ತುದಿ ಹಿಡಿದ ಬೆರಳೇ ಬಾಲವನ್ನು ಬಾಯಿಗೆ ಒಯ್ಯುವುದು. ಹತ್ತು ತೋಟೆ ಒಂದೇ ಕಟ್ಟು, ಬಂಗಾಳದ ಸೆಕೆ ಬೇರೆ. ಕೊಬ್ಬು ಯಾವ ತುದಿಗೆ ನಿಂತೀತು? ಕೊಬ್ಬು ಹಳಸಿದರೆ ಸೀಸವನ್ನೂ ತಿನ್ನುತ್ತದೆ, ಬಿಳಿ ಬೂಷ್ಟು ಕಟ್ಟಿ ಗುಂಡು ದಪ್ಪವಾಗುತ್ತದೆ. ಮುಂದೆ ಬ್ರಿಟಿಷರೇ ಜೇನುಮೇಣವನ್ನು ನೆಚ್ಚಿಕೊಂಡರು. ಇಲ್ಲಿ ಬಳಸಿದ್ದು ಐದು ಪಾಲು ಜೇನುಮೇಣಕ್ಕೆ ಒಂದು ಪಾಲು ತುಪ್ಪ. ತುಪ್ಪ ಹೆಚ್ಚಾದರೆ ಕಾಗದದ ಗುಂಟ ಏರಿ ಮದ್ದನ್ನು ತೋಯಿಸುತ್ತದೆ.

1857ರ ಜನವರಿಯಲ್ಲೇ, ಜಿಡ್ಡಿಲ್ಲದ ತೋಟೆ ಕೊಡಿ, ಬೇಕಾದ್ದನ್ನು ಸಿಪಾಯಿಗಳೇ ಸವರಿಕೊಳ್ಳಲಿ ಎಂಬ ಆದೇಶ ಹೊರಟಿತ್ತು. ಆಮೇಲೆ ಕಚ್ಚುವುದರ ಬದಲು ಕೈಯಲ್ಲೇ ಹರಿಯಿರಿ ಎಂದರು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರಲ್ಲಿ 85 ಮಂದಿ ಬೇಡವೆಂದ ತೋಟೆಗಳು ಹಳೆಯ ಮಾದರಿಯವು, ಹೊಸ ಜಿಡ್ಡು ಸೋಕದವು. ಅಷ್ಟರಲ್ಲಿ ಯಾವ ತುದಿ ಎಂಬುದು ಯಾರಿಗೂ ಬೇಕಿರಲಿಲ್ಲ.

ಮಲೆನಾಡಿನ ಕೇಪಿನ ಕೋವಿಗೆ ಈ ರಗಳೆಯೇ ಇಲ್ಲ. ಮದ್ದು ಅಳೆದು ಹಾಕಿ, ತೆಂಗಿನ ಕತ್ತ ತುರುಕಿ, ಚರೆ ಸುರಿದು, ಮತ್ತೆ ಕತ್ತ. ಏನೇನು ಹೋಯಿತೆಂದು ಈಡು ತುಂಬಿದವನಿಗೆ ಗೊತ್ತು. ಅದೇ 1857ರಲ್ಲಿ ಮುಧೋಳದ ಹಲಗಲಿಯ ಬೇಡರು ತಿರುಗಿಬಿದ್ದದ್ದು ತೋಟೆಗಲ್ಲ, ಹತ್ಯಾರು ಒಪ್ಪಿಸಿ ಎಂಬ ಹುಕುಮಿಗೆ.

ರವೆಯದೊಂದನ್ನು ಹುಡುಗಿಯ ಕೈಗಿಟ್ಟು, ಬೇಕಾದರೆ ಬಾಲ ಕಚ್ಚಿ ನೋಡು ಎಂದೆ. ಬಾಯಿಯವರೆಗೆ ಒಯ್ದವಳು ನಿಲ್ಲಿಸಿದಳು. ಮೇಣಕ್ಕೆ ಏನು ಬೆರೆಸಿದ್ದೀರಿ ಎಂದು ಕೇಳಿದಳು.

ತುಪ್ಪ ಎಂದ ಮೇಲೆ ಕಚ್ಚಿದಳು.