ಮಾರಿಷಸ್‌ನ ದಕ್ಷಿಣ ಕಡಲು, ಅತ್ತೆ ಮತ್ತು ಕಬ್ಬು

ಮಾರಿಷಸ್ ಅಂದರೆ ಹೊಸದಾಗಿ ಮದುವೆಯಾದವರು ಹೋಗುವ ಜಾಗ ಅಂತ ನಮ್ಮ ಕಡೆ ಒಂದು ಲೆಕ್ಕ. ಹಾಗಾಗಿ ನಾನೂ ನನ್ನ ಗಂಡನೂ ಅತ್ತೆಯವರನ್ನು ಕರೆದುಕೊಂಡು ಹೊರಟಾಗ ನೆಂಟರಲ್ಲಿ ಕೆಲವರು ಮುಸಿಮುಸಿ ನಕ್ಕರು. ಅತ್ತೆ ಪಾಂಡವಪುರದ ಕಡೆಯವರು. ಹುಟ್ಟಿದ್ದು, ಮದುವೆಯಾಗಿ ಬಂದದ್ದು, ಮಕ್ಕಳನ್ನು ಬೆಳೆಸಿದ್ದು ಎಲ್ಲ ಕಬ್ಬಿನ ಗದ್ದೆಗಳ ನಡುವೆಯೇ. ಕಡಲು ಕಂಡದ್ದು ಮುರುಡೇಶ್ವರಕ್ಕೆ ಹೋದಾಗ, ಅದೂ ದರ್ಶನದ ಅವಸರದಲ್ಲಿ.

ನಾವು ಉಳಿದುಕೊಂಡದ್ದು ದ್ವೀಪದ ಆಗ್ನೇಯ ಮೂಲೆಯ ಮಾಹೆಬೂರ್ ಎಂಬ ಹಳೆಯ ಪಟ್ಟಣದಲ್ಲಿ. ವಿಮಾನ ನಿಲ್ದಾಣಕ್ಕೆ ಹತ್ತಿರ, ದೊಡ್ಡ ರೆಸಾರ್ಟುಗಳ ಗದ್ದಲ ಇಲ್ಲ. ದಕ್ಷಿಣ ತೀರದ ಉದ್ದಕ್ಕೂ ಒಂದು ದಿನ ಸುತ್ತಿಸುವ ವ್ಯಾನನ್ನು ಗೆಸ್ಟ್‌ಹೌಸ್‌ನವರೇ ಗೊತ್ತು ಮಾಡಿಕೊಟ್ಟರು. ದೊಡ್ಡ ಬಸ್ಸಿನಲ್ಲಿ ಗೈಡ್ ಮೈಕ್ ಹಿಡಿದು ಹೇಳಿದ್ದನ್ನು ಸುಮ್ನೆ ಕೇಳಿಸಿಕೊಳ್ಳಬೇಕು. ಸಣ್ಣ ವ್ಯಾನಿನಲ್ಲಾದರೆ ಗೈಡನ್ನು ತಡೆದು ನಿಲ್ಲಿಸಿ ಕೇಳಬಹುದು. ಅತ್ತೆ ಈ ಸೌಲಭ್ಯವನ್ನು ಪೂರ್ತಿ ಬಳಸಿಕೊಂಡರು.

ನಮ್ಮ ಜೊತೆಗೆ ಸೂರತ್‌ನ ಹೊಸ ಜೋಡಿ, ಪಕ್ಕದ ಫ್ರೆಂಚ್ ದ್ವೀಪ ರಿಯೂನಿಯನ್‌ನಿಂದ ಬಂದಿದ್ದ ವಯಸ್ಸಾದ ದಂಪತಿ, ದಕ್ಷಿಣ ಆಫ್ರಿಕಾದ ಡರ್ಬನ್‌ನ ಒಬ್ಬ ತಾಯಿ ಮತ್ತು ಮಗಳು. ಗೈಡ್ ಅಂತ ಬೇರೆ ಯಾರೂ ಇಲ್ಲ, ಡ್ರೈವರೇ ಗೈಡ್. ಐವತ್ತರ ಆಸುಪಾಸಿನ ಮನುಷ್ಯ. ಹಿರಿಯರು ತಮಿಳರಂತೆ, ಆದರೆ ಇವರಿಗೆ ತಮಿಳು ಬರುವುದಿಲ್ಲ. ಮುರುಗನ ಹಬ್ಬವಾದ ತೈಪೂಸದ ಕಾವಡಿಯಲ್ಲಿ ಹಾಡುವ ಪದಗಳು ಬಾಯಿಪಾಠ, ಅರ್ಥ ಗೊತ್ತಿಲ್ಲ ಎಂದರು. ಮನೆಯ ಮಾತು ಕ್ರಿಯೋಲ್, ಫ್ರೆಂಚ್‌ನಿಂದ ಹುಟ್ಟಿದ ಇಲ್ಲಿನ ಆಡುನುಡಿ. ಫ್ರೆಂಚ್, ಇಂಗ್ಲಿಷ್ ಎರಡೂ ಸಲೀಸು. ಹಿಂದಿ ಸಿನಿಮಾ ನೋಡಿ ಕಲಿತದ್ದು. ಅವರ ಹಿಂದಿಯನ್ನು ನಾನು ಕನ್ನಡ ಮಾಡುವುದು, ಅತ್ತೆಯ ಪ್ರಶ್ನೆಯನ್ನು ಹಿಂದಿ ಮಾಡುವುದು. ದಿನವಿಡೀ ಇದೇ ನನ್ನ ಕೆಲಸವಾಯಿತು. ಗಂಡ ಕಿಟಕಿ ಪಕ್ಕ ಕೂತು ಆರಾಮಾಗಿದ್ದರು.

ಮೊದಲು ಬ್ಲೂ ಬೇ. ಅಕ್ಟೋಬರಿನ ಬಿಸಿಲು, ಮೋಡದ ಸುಳಿವಿಲ್ಲ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿ ಹವಳ ತೋರಿಸುತ್ತಾರೆ. ಇದು ಸಂರಕ್ಷಿತ ಕಡಲು, 2008ರಲ್ಲಿ ಜೌಗು ಪ್ರದೇಶಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿದೆ. ಬ್ರೈನ್ ಕೋರಲ್ ಅಂತ ಕರೆಯುವ, ಕೆಲವು ಮೀಟರ್ ಅಗಲದ ಒಂದು ಹವಳದ ಮೇಲೆ ದೋಣಿ ನಿಲ್ಲಿಸಿದರು. ಅಲ್ಲಲ್ಲಿ ಬಣ್ಣ ಕಳೆದುಕೊಂಡು ಬೆಳ್ಳಗಾದ ಹವಳಗಳೂ ಇದ್ದವು. ನೀರು ಜಾಸ್ತಿ ಬಿಸಿಯಾದರೆ ಹವಳ ತನ್ನ ಮೈಯೊಳಗಿನ ಪಾಚಿಯನ್ನು ಹೊರಗೆ ಹಾಕುತ್ತದೆ. ಬಣ್ಣವೂ ಊಟವೂ ಆ ಪಾಚಿಯದ್ದೇ. ಅದು ಬೇಗ ಹಿಂತಿರುಗದಿದ್ದರೆ ಹವಳ ಸಾಯುತ್ತದೆ.

ದಡಕ್ಕೆ ಬಂದ ಮೇಲೆ ಡ್ರೈವರ್ ದೂರದ ನೀರಿನಲ್ಲಿ ಕಾಣುವ ಒಂದು ಬಿಳಿ ಗೆರೆ ತೋರಿಸಿದರು. ಅಲೆಗಳು ಅಲ್ಲೇ ಒಡೆದು ನೊರೆಯಾಗುತ್ತಿದ್ದವು. ಅದು ಹವಳದ ದಂಡೆ. ದ್ವೀಪದ ಸುತ್ತ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಇದೆ. ಅದರ ಈಚೆಗೆ ನೀರು ತಿಳಿನೀಲಿ, ದಡದ ಹತ್ತಿರ ಸೊಂಟದವರೆಗೆ ಮಾತ್ರ ಆಳ, ಮಕ್ಕಳೂ ಆಡಬಹುದು. ಆಚೆಗೆ ಕಡುನೀಲಿ, ಅದು ನಿಜವಾದ ಹಿಂದೂ ಮಹಾಸಾಗರ. “ಗೆರೆ ಇರುವ ಕಡೆ ಇಳಿಯಿರಿ, ಇಲ್ಲದ ಕಡೆ ದಡದಲ್ಲೇ ನಿಂತು ನೋಡಿ” ಎಂದರು. ನಾವು ಪೋಸ್ಟರುಗಳಲ್ಲಿ ನೋಡುವ ಮಾರಿಷಸ್ ಪೂರ್ತಿ ಈ ಗೆರೆಯ ಈಚಿನದು.

ಪಕ್ಕದ ಪ್ವಾಂತ್ ದೆಸ್ನಿಯಲ್ಲಿ ವ್ಯಾನ್ ನಿಧಾನ ಮಾಡಿದರು. 2020ರ ಜುಲೈ 25ರಂದು ವಾಕಾಶಿಯೋ ಎಂಬ ಭಾರಿ ಹಡಗು ಇದೇ ಗೆರೆಗೆ ಬಂದು ಸಿಕ್ಕಿಕೊಂಡಿತು. ಆಗಸ್ಟ್ ಆರಂಭದಲ್ಲಿ ಎಣ್ಣೆ ಸೋರತೊಡಗಿತು, ಸುಮಾರು 1,000 ಟನ್ ಕಡಲಿಗೆ ಸೇರಿತು. ಕೊನೆಗೆ ಹಡಗು ಎರಡು ತುಂಡಾಯಿತು. ಕೊರೋನಾ ಕಾರಣಕ್ಕೆ ಪ್ರವಾಸಿಗರು ಮೊದಲೇ ಇರಲಿಲ್ಲ, ಡ್ರೈವರಿಗೂ ಕೆಲಸ ಇರಲಿಲ್ಲ. ಎಣ್ಣೆ ತಡೆಯುವ ತೇಲುಬೇಲಿ ಬೇಕಾದಷ್ಟು ಇರಲಿಲ್ಲ. ಜನ ಕಾಯಲಿಲ್ಲ. ಉದ್ದುದ್ದ ಬಟ್ಟೆಯ ಚೀಲ ಹೊಲಿದು, ಅದರೊಳಗೆ ಕಬ್ಬಿನ ತರಗು ತುಂಬಿ, ಖಾಲಿ ಬಾಟಲಿ ಕಟ್ಟಿ ನೀರಿಗೆ ಬಿಟ್ಟರು. ಕ್ಷೌರದಂಗಡಿಗಳಿಂದ ಕೂದಲೂ ಬಂತು, ಕೂದಲು ಎಣ್ಣೆ ಹಿಡಿಯುತ್ತದೆ ಅಂತ. ಮಾಹೆಬೂರಿನ ದಡದಲ್ಲಿ ಕೂತು ಹೊಲಿದವರಲ್ಲಿ ನಮ್ಮ ಡ್ರೈವರ್ ಮತ್ತು ಅವರ ಹೆಂಡತಿಯೂ ಇದ್ದರು. ಎಣ್ಣೆ ವಾಸನೆಗೆ ತಲೆ ಸುತ್ತುತ್ತಿತ್ತಂತೆ. ಅಂಗಿಗಳನ್ನು ಎಸೆಯಬೇಕಾಯಿತಂತೆ.

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ ನೆಟ್ಟಗೆ ಕೂತರು. “ತರಗಾ? ನಾವು ಬೆಂಕಿ ಇಕ್ತೀವಲ್ಲ, ಅದಾ?” ಅದೇ ಅಂದೆ. ಆಮೇಲೆ ಅವರು ಕಡಲ ಕಡೆ ನೋಡಿದ್ದು ಕಡಿಮೆ. ಎಡಗಡೆ ಕಡಲು, ಬಲಗಡೆ ಕಬ್ಬು ಅಂತ ರಸ್ತೆ ಸಾಗುತ್ತಿದ್ದರೆ ಅವರ ಕಣ್ಣು ಬಲಗಡೆಗೇ.

ಈ ದ್ವೀಪದಲ್ಲಿ ಎಲ್ಲಿ ತಿರುಗಿದರೂ ಕಬ್ಬು. ಅದು ಕಟಾವಿನ ಕಾಲ, ಕೆಲವು ಹೊಲಗಳು ಬೋಳಾಗಿದ್ದವು. ಬೋಳು ಹೊಲಗಳ ನಡುವೆ ಕಪ್ಪು ಕಲ್ಲಿನ ರಾಶಿಗಳು ಎದ್ದು ಕಾಣುತ್ತಿದ್ದವು. ಕೆಲವು ಮನೆಗಿಂತ ಎತ್ತರ, ಮೆಟ್ಟಿಲು ಮೆಟ್ಟಿಲಾಗಿ ಒಪ್ಪವಾಗಿ ಜೋಡಿಸಿದವು. ಸೂರತ್‌ನ ಹುಡುಗ ಯಾವುದೋ ಹಳೆಯ ಗುಡಿ ಇರಬೇಕು ಎಂದುಕೊಂಡ. ಅತ್ತೆಗೆ ಅನುಮಾನವೇ ಬರಲಿಲ್ಲ. “ಗದ್ದೆ ಕಲ್ಲು ಅದು. ಇಷ್ಟೊಂದು ಕಲ್ಲ ಆಯ್ದೋರು ಯಾರಂತೆ, ಕೇಳವ್ವ.”

ಕೇಳಿದೆ. ಡ್ರೈವರ್ ವ್ಯಾನ್ ನಿಲ್ಲಿಸಿಯೇ ಬಿಟ್ಟರು. ಪ್ರವಾಸದ ಪಟ್ಟಿಯಲ್ಲಿ ಈ ಜಾಗ ಇರಲಿಲ್ಲ.

ಜ್ವಾಲಾಮುಖಿ ಉಗುಳಿದ ದ್ವೀಪ ಇದು, ನೆಲದ ತುಂಬ ಕಲ್ಲು. ಕಬ್ಬು ನೆಡಬೇಕಾದರೆ ಮೊದಲು ಕಲ್ಲು ಆಯಬೇಕು. ಫ್ರೆಂಚರ ಕಾಲದಲ್ಲಿ ಮೊಜಾಂಬಿಕ್, ಮಡಗಾಸ್ಕರ್‌ಗಳಿಂದ, ಅಷ್ಟಿಷ್ಟು ಭಾರತದಿಂದಲೂ ತಂದ ಗುಲಾಮರು ಆಯ್ದರು. ಬ್ರಿಟಿಷರ ಆಳ್ವಿಕೆಯಲ್ಲಿ 1835ರ ಫೆಬ್ರವರಿ 1ರಂದು ಗುಲಾಮಗಿರಿ ರದ್ದಾಯಿತು. ಅದಕ್ಕೂ ಮೂರು ತಿಂಗಳು ಮೊದಲೇ, 1834ರ ನವೆಂಬರ್ 2ರಂದು, ಅಟ್ಲಾಸ್ ಎಂಬ ಹಡಗಿನಲ್ಲಿ ಕಲ್ಕತ್ತೆಯಿಂದ 36 ಜನ ಕರಾರು ಕೂಲಿಗಳು ಬಂದಿಳಿದಿದ್ದರು. ಅಲ್ಲಿಂದ ಶುರುವಾಗಿ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಸುಮಾರು ನಾಲ್ಕೂವರೆ ಲಕ್ಷ ಜನ ಬಂದರು. ಹೆಚ್ಚಿನವರು ಬಿಹಾರದ ಕಡೆಯವರು. ಮದ್ರಾಸಿನಿಂದ, ಬೊಂಬಾಯಿಯಿಂದಲೂ ಹಡಗು ತುಂಬಿ ಬಂದವರಿದ್ದರು. ಉಳಿದ ಕಲ್ಲು ಅವರ ಪಾಲಿಗೆ. ಈಚಿನ ಕೆಲವು ರಾಶಿಗಳು ಯಂತ್ರದವು, ಅವು ಅಷ್ಟು ಒಪ್ಪವಾಗಿಲ್ಲ, ನೋಡಿದರೇ ಗೊತ್ತಾಗುತ್ತದೆ ಎಂದು ಡ್ರೈವರ್ ಹೇಳಿದರು.

ಅತ್ತೆ ಹೊಲಕ್ಕಿಳಿದು ಕೂಳೆಯನ್ನು, ಅಂದರೆ ಕಟಾವಾದ ಮೇಲೆ ಮತ್ತೆ ಚಿಗುರುವ ಕಬ್ಬಿನ ಬುಡವನ್ನು, ಬಗ್ಗಿ ಮುಟ್ಟಿ ನೋಡಿದರು. ಎಷ್ಟು ಕೂಳೆ ಬಿಡ್ತೀರಿ ಅಂತ ಕೇಳಿಸಿದರು. ಏಳೆಂಟು ವರ್ಷ ಅಂತ ಉತ್ತರ ಬಂತು. “ಸುಳ್ಳು” ಎಂದರು ಅತ್ತೆ. ನಾನು ಆ ಮಾತನ್ನು ಹಿಂದಿ ಮಾಡಲಿಲ್ಲ. ಆದರೆ ಅವರ ಮುಖ ನೋಡಿಯೇ ಡ್ರೈವರಿಗೆ ಅರ್ಥವಾಯಿತು. ಮಾವನ ಹೊಲ ಇದೆ, ಬೇಕಾದರೆ ಫೋನ್ ಮಾಡಿ ಕೇಳಿಸುತ್ತೇನೆ ಎಂದರು. ನಮ್ಮಲ್ಲಿ ಎರಡು ಮೂರು ಕೂಳೆ ಆದ ಮೇಲೆ ಇಳುವರಿ ಬಿದ್ದುಹೋಗುತ್ತೆ, ಕಿತ್ತು ಹೊಸದಾಗಿ ನಾಟಿ ಮಾಡ್ತೀವಿ ಅಂತ ಅತ್ತೆ. ಇಬ್ಬರ ನಡುವೆ ನಾನು. ಡರ್ಬನ್ನಿನ ತಾಯಿಯೂ ಇಳಿದು ಬಂದರು. ಅವರ ಊರಿನ ಸುತ್ತಲೂ ಕಬ್ಬೇ, ಅವರ ಹಿರಿಯರೂ ಕರಾರಿನ ಮೇಲೇ ಡರ್ಬನ್ ಇರುವ ನಟಾಲ್ ಪ್ರಾಂತ್ಯಕ್ಕೆ ಬಂದವರಂತೆ. ಸೂರತ್ ಜೋಡಿ ಮಾತ್ರ ಗಡಿಯಾರ ನೋಡಿಕೊಳ್ಳುತ್ತಿತ್ತು. ಅವರದೂ ತಪ್ಪಲ್ಲ ಬಿಡಿ, ದುಡ್ಡು ಕೊಟ್ಟದ್ದು ಕಡಲು ನೋಡುವುದಕ್ಕೆ.

ಗ್ರಿ ಗ್ರಿ ಎಂಬ ಕಡಲತೀರ ಇರುವುದು ಸೂಯಾಕ್ ಊರಿನಲ್ಲಿ, ದ್ವೀಪದ ದಕ್ಷಿಣದ ತುದಿ. ಇಲ್ಲಿ ಬಿಳಿ ಗೆರೆ ಇಲ್ಲ. ಅದಿಲ್ಲದಿದ್ದರೆ ಏನಾಗುತ್ತದೆ ಅಂತ ವ್ಯಾನಿನಿಂದ ಇಳಿಯುವ ಮೊದಲೇ ಕಿವಿಗೆ ಗೊತ್ತಾಯಿತು. ಕಡುನೀಲಿ ಅಲೆಗಳು ನೇರವಾಗಿ ಬಂದು ಕರಿಬಂಡೆಗೆ ಅಪ್ಪಳಿಸುತ್ತವೆ. ಮರಳಿದೆ, ಆದರೆ ಈಜಬೇಡಿ ಅಂತ ಫಲಕವೂ ಇದೆ. ಬಂಡೆಗಳ ಮೇಲೆ ಸ್ವಲ್ಪ ನಡೆದರೆ ‘ಅಳುವ ಬಂಡೆ’ ಸಿಗುತ್ತದೆ. ಅಲೆ ಹೊಡೆದಾಗಲೆಲ್ಲ ಅದರ ಮೇಲಿಂದ ನೀರು ಇಳಿಯುತ್ತದೆ. ಕವಿ ರಾಬರ್ಟ್ ಎಡ್ವರ್ಡ್ ಹಾರ್ಟ್ ಅವರ ಮುಖದ ಹಾಗೇ ಇದೆ ಅಂತ ಹೇಳುತ್ತಾರೆ. ನನಗೆ ಮುಖ ಕಾಣಲಿಲ್ಲ. ಹವಳದ ಕಲ್ಲಿನಲ್ಲಿ ಕಟ್ಟಿದ ಅವರ ಮನೆ ಹತ್ತಿರದಲ್ಲೇ ಇದೆ, ಈಗ ವಸ್ತುಸಂಗ್ರಹಾಲಯ. ಇಡೀ ದಿನದಲ್ಲಿ ನನಗೆ ಹೆಚ್ಚು ಇಷ್ಟವಾದ ಕಡಲು ಇದೇ. ಬ್ಲೂ ಬೇ ಚೆಂದ, ಆದರೆ ಅಲ್ಲಿ ಕಡಲಿನ ಸದ್ದೇ ಇಲ್ಲ.

ಮಧ್ಯಾಹ್ನಕ್ಕೆ ಹೋಟೆಲಿಗೆ ಹೋಗುವುದೋ, ರಸ್ತೆ ಬದಿ ದಾಲ್ ಪೂರಿ ತಿನ್ನುವುದೋ ಅಂತ ಚರ್ಚೆಯಾಗಿ ದಾಲ್ ಪೂರಿ ಗೆದ್ದಿತು. ಗಾಜಿನ ಪೆಟ್ಟಿಗೆ ಕಟ್ಟಿದ ಸ್ಕೂಟರಿನಲ್ಲಿ ಮಾರುತ್ತಿದ್ದರು. ಬೇಳೆ ಬೇಯಿಸಿ, ಪುಡಿ ಮಾಡಿ, ಮೈದಾ ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸುತ್ತಾರೆ. ಅಂದರೆ ನಮ್ಮ ಹೋಳಿಗೆಯದೇ ಕೆಲಸ, ಸಿಹಿ ಇಲ್ಲ ಅಷ್ಟೆ. ಎರಡನ್ನು ಒಂದರ ಮೇಲೊಂದಿಟ್ಟು, ಡಬಲ್ ಬೀನ್ಸ್ ಗೊಜ್ಜು, ಟೊಮೇಟೊ ಚಟ್ನಿ, ಹಸಿಮೆಣಸಿನಕಾಯಿ ಹಚ್ಚಿ ಸುತ್ತಿ ಕಾಗದದಲ್ಲಿ ಕೊಡುತ್ತಾರೆ. ಅತ್ತೆ ಅಂಚು ಬಿಡಿಸಿ ಒಳಗಿನ ಹೂರಣ ಪರೀಕ್ಷೆ ಮಾಡಿದರು. “ಇಷ್ಟು ಕಬ್ಬು ಬೆಳೆದು ಬೆಲ್ಲ ಹಾಕದ ಮರೆತವ್ರೆ” ಎಂದರು. ಆದರೂ ಇನ್ನೊಂದು ಜೊತೆ ತರಿಸಿಕೊಂಡರು. ದುಡ್ಡು ಕೊಡುವಾಗ ಗಮನಿಸಿದೆ, ಅಲ್ಲಿನ ರೂಪಾಯಿ ನೋಟಿನ ಮೇಲೆ ಇಂಗ್ಲಿಷ್ ಜೊತೆಗೆ ತಮಿಳು, ದೇವನಾಗರಿ ಅಕ್ಷರಗಳೂ ಇವೆ.

ಬೇ ದು ಕಾಪ್‌ನಲ್ಲಿ ರಸ್ತೆ ನೀರಿಗೆ ತಾಗಿಕೊಂಡೇ ಹೋಗುತ್ತದೆ. ಅಲ್ಲೊಂದು ಸ್ಮಾರಕ, ಮ್ಯಾಥ್ಯೂ ಫ್ಲಿಂಡರ್ಸ್‌ದು. ಆಸ್ಟ್ರೇಲಿಯಾವನ್ನು ಹಡಗಿನಲ್ಲಿ ಸುತ್ತಿ ನಕ್ಷೆ ಬರೆದ ಇಂಗ್ಲಿಷ್ ನಾವಿಕ. ಊರಿಗೆ ಮರಳುವಾಗ ಕಂಬರ್‌ಲ್ಯಾಂಡ್ ಎಂಬ ಪುಟ್ಟ ಹಡಗು ಸೋರುತ್ತಿತ್ತು. 1803ರ ಡಿಸೆಂಬರಿನಲ್ಲಿ ರಿಪೇರಿಗೆಂದು ಇಲ್ಲಿಗೆ ಬಂದ. ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಶುರುವಾದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಫ್ರೆಂಚರೇ ಕೊಟ್ಟ ರಹದಾರಿ ಇತ್ತು, ಆದರೆ ಅದು ಅವನ ಹಿಂದಿನ ಹಡಗಿನ ಹೆಸರಿನಲ್ಲಿತ್ತು. ಫ್ರೆಂಚ್ ಗವರ್ನರ್ ಬಿಡಲಿಲ್ಲ. ಕಾಗದದ ಮೇಲೆ ಹಡಗಿನ ಹೆಸರು ಬೇರೆ ಇದ್ದದ್ದಕ್ಕೆ ಆರು ವರ್ಷಕ್ಕೂ ಮೀರಿ ಇದೇ ದ್ವೀಪದಲ್ಲಿ ಕೂತ. ಬಿಡುಗಡೆ ಆದದ್ದು 1810ರಲ್ಲಿ. ಗಂಡನಿಗೆ ಈ ಕಥೆ ತುಂಬಾ ಹಿಡಿಸಿತು. ತಹಸೀಲ್ದಾರ್ ಕಚೇರಿಯಲ್ಲಿ ಪಹಣಿ ತಿದ್ದಿಸಲು ಅಲೆದದ್ದು ನೆನಪಾಗಿರಬೇಕು.

ಅಲ್ಲಿಂದ ಬೆಟ್ಟ ಹತ್ತಿ ಶಾಮರೆಲ್. ಏಳು ಬಣ್ಣದ ಮಣ್ಣು. ಕಲ್ಲು ಸವೆದು ಮಣ್ಣಾಗುವಾಗ ಕಬ್ಬಿಣದ ಅಂಶ ಕೆಂಪು, ಕಂದು ಬಣ್ಣ ಕೊಡುತ್ತದೆ, ಅಲ್ಯೂಮಿನಿಯಂ ಅಂಶ ನೀಲಿ, ನೇರಳೆ ಛಾಯೆ. ಬೇಲಿಯ ಆಚೆ ಒಂದು ಸಣ್ಣ ದಿಬ್ಬ, ಅಷ್ಟೆ. ಕಾಲು ಗಂಟೆ ಸಾಕು. ಗಾಜಿನ ಕೊಳವೆಯಲ್ಲಿ ಆ ಮಣ್ಣನ್ನು ಪದರ ಪದರವಾಗಿ ತುಂಬಿ ಮಾರುತ್ತಾರೆ. ರಿಯೂನಿಯನ್‌ನ ಅಜ್ಜ ವ್ಯಾನಿನಿಂದ ಇಳಿಯಲೇ ಇಲ್ಲ. ಅವರ ದ್ವೀಪದಲ್ಲಿ ಉರಿಯುವ ಜ್ವಾಲಾಮುಖಿಯೇ ಇದೆ, ಈ ಮಣ್ಣು ಯಾವ ಲೆಕ್ಕ ಅವರಿಗೆ.

ಕೊನೆಯದು ಲೆ ಮೋರ್ನ್. ಕಡಲಿಗೆ ಚಾಚಿದ ನೆಲದ ಮೇಲೆ 556 ಮೀಟರಿನ ಕಡಿದಾದ ಬೆಟ್ಟ. ಯಜಮಾನರಿಂದ ತಪ್ಪಿಸಿಕೊಂಡ ಗುಲಾಮರು ಇದರ ಗುಹೆಗಳಲ್ಲಿ ಅಡಗುತ್ತಿದ್ದರು. ಬಿಡುಗಡೆಯ ಸುದ್ದಿ ಹೇಳಲು ಸಿಪಾಯಿಗಳು ಹತ್ತಿ ಬಂದಾಗ, ಹಿಡಿಯಲು ಬಂದರೆಂದು ಹೆದರಿ ಮೇಲಿಂದ ಹಾರಿಕೊಂಡರು ಅಂತ ಜನ ಹೇಳುತ್ತಾ ಬಂದ ಕಥೆ. 2008ರಲ್ಲಿ ಬೆಟ್ಟ ಯುನೆಸ್ಕೋ ಪಟ್ಟಿ ಸೇರಿತು. ಡ್ರೈವರ್ ಇದನ್ನು ಹೇಳುವಾಗ ಧ್ವನಿ ಏರಿಸಲಿಲ್ಲ, ಇಳಿಸಲೂ ಇಲ್ಲ. “ಅವರನ್ನು ಬಿಟ್ಟರು, ನಮ್ಮವರನ್ನು ಕರೆತಂದರು. ಕಲ್ಲು ಅವೇ” ಎಂದರು.

ಬೆಟ್ಟದ ಬುಡದ ಕಡಲತೀರ ಎಲ್ಲರಿಗೂ ತೆರೆದದ್ದು. ಗಾಳಿ ಮರಗಳ ನೆರಳಲ್ಲಿ ಊರಿನ ಸಂಸಾರಗಳು ಪಾತ್ರೆ ತುಂಬ ಅಡುಗೆ ತಂದು ಕೂತಿದ್ದವು. ಬಿಳಿ ಗೆರೆ ಇಲ್ಲಿ ಮತ್ತೆ ಕಾಣಿಸಿತು. ಸೂರತ್‌ನ ಹುಡುಗಿ ‘ನೀರೊಳಗಿನ ಜಲಪಾತ’ ಎಲ್ಲಿ ಅಂತ ಹುಡುಕುತ್ತಿದ್ದಳು. ಅದು ಹವಳದ ದಂಡೆಯ ಕಿಂಡಿಯಲ್ಲಿ ಮರಳು ಆಳಕ್ಕೆ ಜಾರುವುದು, ಮೇಲಿಂದ ನೋಡಿದರೆ ಜಲಪಾತ ಅನ್ನಿಸುತ್ತದೆ, ಹೆಲಿಕಾಪ್ಟರ್ ಹತ್ತಬೇಕು ಎಂದು ಡ್ರೈವರ್ ಹೇಳಿದಾಗ ಗಂಡನ ಮುಖ ನೋಡಿದಳು. ಅವನು ಅನಾನಸ್ ಕೊಳ್ಳಲು ಹೊರಟ. ಉಪ್ಪು, ಖಾರ ಸವರಿದ ಪುಟ್ಟ ಅನಾನಸ್. ಎಲ್ಲರೂ ಹಂಚಿಕೊಂಡು ತಿಂದೆವು.

ವಾಪಸು ಬರುವ ದಾರಿಯಲ್ಲಿ ಅತ್ತೆ ಮುಂದಿನ ಸೀಟಿಗೆ ಬಡ್ತಿ ಪಡೆದಿದ್ದರು. ಇಲ್ಲಿ ಯಾವ ತಳಿ, ನಮ್ಮ 62175 ಇಲ್ಲವಾ, ಟನ್ನಿಗೆ ಎಷ್ಟು ಕೊಡ್ತಾರೆ, ಕಾರ್ಖಾನೆಯವರು ಬಾಕಿ ಉಳಿಸಿಕೊಳ್ತಾರಾ. ಕೊನೆಯ ಪ್ರಶ್ನೆಗೆ ಡ್ರೈವರ್ ಜೋರಾಗಿ ನಕ್ಕರು. ಮಾಹೆಬೂರು ಹತ್ತಿರ ಬಂದಾಗ ಅತ್ತೆ ನಿಜವಾದ ಬೇಡಿಕೆ ಇಟ್ಟರು. ಏಳೆಂಟು ಕೂಳೆ ಬರುವ ಆ ಕಬ್ಬಿನ ಒಂದೆರಡು ಬಿತ್ತನೆ ತುಂಡು ಬೇಕು, ಸೀರೆಯಲ್ಲಿ ಸುತ್ತಿ ತಗೊಂಡು ಹೋಗ್ತೀನಿ. ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಗಿಡದ ರೋಗ ದಾಟುತ್ತದೆ ಅಂತ ಕಾನೂನೇ ಇದೆ ಎಂದು ಡ್ರೈವರ್ ಹೇಳಿದ್ದನ್ನು ನಾನೂ ಒತ್ತಿ ಹೇಳಿದೆ. “ಅವರ ಅಜ್ಜ ಹಡಗಲ್ಲಿ ಬರುವಾಗ ಏನೇನು ತಂದ್ರೋ, ಯಾರಾದ್ರೂ ಕಿತ್ಕೊಂಡ್ರಾ ಕೇಳು” ಎಂದರು ಅತ್ತೆ. ಕೇಳಿದೆ. ಗೆಸ್ಟ್‌ಹೌಸ್ ಬಾಗಿಲಲ್ಲಿ ವ್ಯಾನ್ ನಿಂತ ಮೇಲೂ ವಾದ ಮುಗಿದಿರಲಿಲ್ಲ. ಹಿಂದಿನ ಸೀಟಿನವರು ಇಳಿಯಲು ಕಾಯುತ್ತಿದ್ದರು.